ಮೆಣಸಿನ ಗಿಡ ಮುದುರಿದೆಯಾ? ಸಿಂಪಡಿಸುವ ಮೊದಲು ಎಲೆಯ ಅಡಿ ನೋಡಿ

ಕುಂಡದಲ್ಲಿ ಮೆಣಸಿನ ಗಿಡ ಬೆಳೆಸುವವರು ನನ್ನನ್ನು ಪದೇ ಪದೇ ಕೇಳುವ ಪ್ರಶ್ನೆ ಒಂದೇ: "ಕುಡಿ ಎಲ್ಲ ಮುದುರಿಕೊಂಡಿದೆ, ವೈರಸ್ ಬಂದಿದೆಯಾ?" ಕೇಳುವ ಹೊತ್ತಿಗೆ ಸಾಮಾನ್ಯವಾಗಿ ಎರಡು ಮೂರು ಬಗೆಯ ಔಷಧಿ ಸಿಂಪಡಿಸಿ ಆಗಿರುತ್ತದೆ. ನಾನು ತಿರುಗಿ ಕೇಳುವುದೂ ಒಂದೇ: "ಎಲೆ ಮಗುಚಿ ನೋಡಿದ್ರಾ?"

ಎಲೆ ಮುದುರಿತು ಅಂದರೆ ಗಿಡಕ್ಕೆ ಏನೋ ಆಗಿದೆ ಅಂತ ಅಷ್ಟೇ ಗೊತ್ತಾಗುತ್ತದೆ, ಏನಾಗಿದೆ ಅಂತ ಗೊತ್ತಾಗುವುದಿಲ್ಲ. ಥ್ರಿಪ್ಸ್ ಅನ್ನುವ ಸಣ್ಣ ಕೀಟ ರಸ ಹೀರಿದರೂ ಮುದುರುತ್ತದೆ, ಮೈಟ್ ಅನ್ನುವ ನುಸಿ ಹೀರಿದರೂ ಮುದುರುತ್ತದೆ, ಸಸ್ಯ ಹೇನು ಮುತ್ತಿದರೂ, ವೈರಸ್ ಹೊಕ್ಕರೂ ಮುದುರುತ್ತದೆ. ಸುಡು ಬಿಸಿಲಿಗೆ ಮಧ್ಯಾಹ್ನ ಸುರುಳಿಯಾದ ಎಲೆ ಸಂಜೆಗೆ ತಾನಾಗಿಯೇ ಬಿಚ್ಚಿಕೊಳ್ಳುವುದೂ ಉಂಟು. ಕೀಟದಿಂದ ಕೆಟ್ಟ ಗಿಡ ಚೇತರಿಸಿಕೊಳ್ಳುತ್ತದೆ. ವೈರಸ್ ಹೊಕ್ಕ ಗಿಡಕ್ಕೆ ಮದ್ದಿಲ್ಲ. ಇವೆರಡನ್ನು ಬೇರೆ ಮಾಡಿ ನೋಡಲು ಬಂದರೆ, ಸುಮ್ನೆ ಕಿತ್ತೆಸೆಯುವ ಎಷ್ಟೋ ಗಿಡ ಉಳಿಯುತ್ತವೆ. ಕೀಳಲೇಬೇಕಾದ ಗಿಡ ಪಕ್ಕದವಕ್ಕೆ ರೋಗ ಹಂಚುವ ಮೊದಲೇ ಹೊರಗೆ ಹೋಗುತ್ತದೆ.

ಇದಕ್ಕೆ ಬೇಕಾದದ್ದು ಒಂದು ಭೂತಗನ್ನಡಿ. ಹತ್ತು ಪಟ್ಟು ದೊಡ್ಡದು ಮಾಡಿ ತೋರಿಸುವ ಪುಟ್ಟ ಮಸೂರ ಸಾಕು, ಇಪ್ಪತ್ತು ಪಟ್ಟಿನದು ಸಿಕ್ಕರೆ ಇನ್ನೂ ಒಳ್ಳೆಯದು. ನನ್ನದಕ್ಕೆ ದಾರ ಕಟ್ಟಿ ಕುತ್ತಿಗೆಗೆ ಹಾಕಿಕೊಂಡೇ ಗಿಡಗಳ ಹತ್ತಿರ ಹೋಗುತ್ತೇನೆ. ಜೇಬಿನಲ್ಲಿದ್ದರೆ ತೆಗೆಯೋಕೆ ಸೋಮಾರಿತನ ಬರುತ್ತದೆ. ಬೆಳಗ್ಗೆ ತಂಪು ಹೊತ್ತಿನಲ್ಲಿ ನೋಡಿ, ಆಗ ಕೀಟಗಳು ಮಂದವಾಗಿರುತ್ತವೆ. ಇಡೀ ಗಿಡ ನೋಡಬೇಕಿಲ್ಲ. ಕುಡಿಯ ಒಂದೆರಡು ಎಳೆ ಎಲೆ, ಗಿಡದ ನಡುವಿನ ಒಂದು ಬಲಿತ ಎಲೆ, ಒಂದು ಹೂವು. ಎಲೆಯ ಅಡಿಯಲ್ಲಿ ನಡುನರದ ಪಕ್ಕದ ಸಂದಿ ಇದೆಯಲ್ಲ, ಅಲ್ಲೇ ಕಣ್ಣು ನೆಡಿ.

ಮೇಲಕ್ಕೆ ಮುದುರಿದೆಯಾ, ಕೆಳಕ್ಕೆ ಮುದುರಿದೆಯಾ?

ಮೊದಲ ಸುಳಿವು ಇದು. ಅಂಚುಗಳು ಮೇಲಕ್ಕೆದ್ದು ಎಲೆ ದೋಣಿಯಂತಾಗಿದ್ದರೆ ಥ್ರಿಪ್ಸ್ ಮೇಲೆ ಅನುಮಾನ. ಅಂಚುಗಳು ಕೆಳಕ್ಕೆ ಬಾಗಿ ಮಗುಚಿದ ದೋಣಿಯಂತಾಗಿದ್ದರೆ ಮೈಟ್ ಮೇಲೆ ಅನುಮಾನ. ಎರಡೂ ಒಟ್ಟಿಗೆ ಬಂದಿದ್ದರೆ ಒಂದೇ ಗಿಡದಲ್ಲಿ ಎರಡು ಬಗೆಯ ಎಲೆಯೂ ಕಾಣುತ್ತವೆ. ಅದಕ್ಕೇ ಇದು ಸುಳಿವು ಮಾತ್ರ, ತೀರ್ಪು ಮಸೂರದ್ದು.

ಮೈಟ್ ವಿಷಯವನ್ನು ಸ್ವಲ್ಪ ಜಾಸ್ತಿ ಹೇಳುತ್ತೇನೆ. ವೈರಸ್ ಅಂತ ತಪ್ಪು ತಿಳಿದು ಗಿಡ ಕೀಳುವುದು ಇದರಿಂದಲೇ ಹೆಚ್ಚು ಅನ್ನುವುದು ನಾನು ಕಂಡ ಮಾತು. ಮೆಣಸನ್ನು ಹೀಗೆ ಕಾಡುವುದು "ಅಗಲ ಮೈಟ್" (ಬ್ರಾಡ್ ಮೈಟ್) ಅನ್ನುವ ಜಾತಿ, ಇದರ ಉದ್ದ ಸುಮಾರು 0.2 ಮಿಲಿಮೀಟರ್. ಬರಿಗಣ್ಣಿಗೆ ಕಾಣುವುದಿಲ್ಲ. ಬಲೆ ಕಟ್ಟುವುದಿಲ್ಲ. ಹಾಗಾಗಿ "ನೋಡಿದೆ, ಒಂದು ಹುಳನೂ ಇಲ್ಲ" ಅನ್ನುತ್ತಾರೆ. ಕುಡಿ ಗಟ್ಟಿಯಾಗಿ, ಸಣ್ಣದಾಗಿ, ತಿರುಚಿಕೊಂಡು ನಿಲ್ಲುತ್ತದೆ. ಎಲೆಯ ಅಡಿ ಕಂದು ಹೊಳಪು ಬರುತ್ತದೆ. ಎಲೆಯ ತೊಟ್ಟು ಉದ್ದವಾಗಿ, ಎಲೆ ಕಿರಿದಾಗುತ್ತದೆ. ಮೊಗ್ಗು ಉದುರುತ್ತದೆ. ಕಾಯಿಯಾದರೂ ಸಿಪ್ಪೆ ಒರಟಾಗಿ ತುಕ್ಕು ಹಿಡಿದ ಹಾಗೆ ಕಾಣುತ್ತದೆ.

ಮಸೂರದ ಕೆಳಗೆ ತಾಳ್ಮೆಯಿಂದ ನೋಡಿ. ಮೊದಲು ಏನೂ ಕಾಣುವುದಿಲ್ಲ. ಕಣ್ಣು ಹೊಂದಿಕೊಂಡ ಮೇಲೆ ನಡುನರದ ಪಕ್ಕ ತಿಳಿ ಹಳದಿ, ಗಾಜಿನಂಥ ಚುಕ್ಕೆಗಳು ನಿಧಾನ ಸರಿಯುವುದು ಕಾಣುತ್ತದೆ. ಅವು ಹೆಣ್ಣುಗಳು. ಅವಕ್ಕಿಂತ ಚಿಕ್ಕದಾದ, ಚುರುಕಾಗಿ ಓಡುವವು ಗಂಡುಗಳು. ಇನ್ನೂ ಬಲಿಯದ ಹೆಣ್ಣನ್ನು ಬೆನ್ನ ಹಿಂದೆ ಎತ್ತಿಕೊಂಡು ಹೊಸ ಎಲೆಗೆ ಸಾಗಿಸುವುದು ಇವುಗಳ ಕೆಲಸ. ಗುರುತು ಖಚಿತ ಮಾಡುವುದು ಮೊಟ್ಟೆ. ಅಂಡಾಕಾರದ ಪಾರದರ್ಶಕ ಮೊಟ್ಟೆ, ಅದರ ಮೈ ಮೇಲೆ ಸಾಲು ಸಾಲಾಗಿ ಬಿಳಿ ಗುಳ್ಳೆ. ಒಮ್ಮೆ ನೋಡಿದರೆ ಮತ್ತೆ ಯಾವತ್ತೂ ತಪ್ಪುವುದಿಲ್ಲ. ಬೆಚ್ಚಗೆ, ತೇವವಾಗಿ ಇದ್ದರೆ ಮೊಟ್ಟೆಯಿಂದ ಬಲಿತ ಮೈಟ್ ಆಗೋಕೆ ಒಂದು ವಾರವೂ ಬೇಕಿಲ್ಲ. ಇನ್ನೊಂದು ವಿಷಯ: ಇವು ಬಿಳಿ ನೊಣದ ಕಾಲಿಗೆ ಅಂಟಿಕೊಂಡು ಗಿಡದಿಂದ ಗಿಡಕ್ಕೆ ಸವಾರಿ ಹೋಗುತ್ತವೆ. ಬಿಳಿ ನೊಣ ಬಂದ ಕೆಲವು ದಿನಕ್ಕೆ ಕುಡಿ ಕೆಳಕ್ಕೆ ಮುದುರಿದರೆ ಮೈಟ್ ಹುಡುಕಿ.

ಮದ್ದು ಕಷ್ಟವಲ್ಲ. ಹಾನಿಯಾದ ಕುಡಿಗಳನ್ನು ಕತ್ತರಿಸಿ ಚೀಲಕ್ಕೆ ಹಾಕಿ ಕಟ್ಟಿ. ನೀರಿನಲ್ಲಿ ಕರಗುವ ಗಂಧಕದ ಪುಡಿಯನ್ನು ಲೀಟರಿಗೆ 2ರಿಂದ 3 ಗ್ರಾಂ ಬೆರೆಸಿ, ಎಲೆಯ ಅಡಿ ತೊಯ್ಯುವ ಹಾಗೆ ಸಿಂಪಡಿಸಿ. ವಾರ ಬಿಟ್ಟು ಇನ್ನೊಮ್ಮೆ. ಎರಡು ಎಚ್ಚರ ಇವೆ. ಬಿಸಿಲು 32 ಡಿಗ್ರಿ ದಾಟುವ ದಿನ ಗಂಧಕ ಬೇಡ, ಎಲೆ ಸುಡುತ್ತದೆ. ಬೇವಿನ ಎಣ್ಣೆಯಾಗಲಿ ಬೇರೆ ಎಣ್ಣೆಯಾಗಲಿ ಹೊಡೆದಿದ್ದರೆ ಎರಡು ವಾರ ಗಂಧಕ ಮುಟ್ಟಬೇಡಿ, ಗಂಧಕ ಹೊಡೆದ ಮೇಲೆ ಎಣ್ಣೆಯೂ ಅಷ್ಟೇ ದಿನ ಬೇಡ. ಎರಡೂ ಸೇರಿದರೆ ಗಿಡ ಬೆಂದು ಹೋಗುತ್ತದೆ.

ಇಲ್ಲಿ ಒಂದು ಮಾತು ಒತ್ತಿ ಹೇಳಬೇಕು. ಮೈಟ್ ಆರು ಕಾಲಿನ ಕೀಟವಲ್ಲ, ಜೇಡದ ಬಳಗದ್ದು. ಇಮಿಡಾಕ್ಲೋಪ್ರಿಡ್ ಥರದ ಕೀಟನಾಶಕ ಇದನ್ನು ಕೊಲ್ಲುವುದಿಲ್ಲ. ಅದು ಮೈಟ್ ತಿನ್ನುವ ಒಳ್ಳೆ ಹುಳುಗಳನ್ನು ಕೊಂದು ಮೈಟ್ ಇನ್ನೂ ಹೆಚ್ಚೋಕೆ ದಾರಿ ಮಾಡಿಕೊಡಬಹುದು. ನೋಡದೆ ಸಿಂಪಡಿಸಬೇಡಿ ಅಂತ ನಾನು ಇಷ್ಟು ಹಟ ಹಿಡಿಯುವುದು ಇದಕ್ಕೇ.

ಇನ್ನು ಥ್ರಿಪ್ಸ್. ಇದನ್ನು ಹುಡುಕುವುದು ಸುಲಭ. ಬಿಳಿ ಕಾಗದ ಹಿಡಿದು ಅದರ ಮೇಲೆ ಕುಡಿಯನ್ನೋ ಹೂವನ್ನೋ ಮೆಲ್ಲಗೆ ತಟ್ಟಿ. ಹಳದಿಯೋ ಕಪ್ಪೋ ಬಣ್ಣದ, ಒಂದು ಮಿಲಿಮೀಟರ್ ಆಸುಪಾಸಿನ ಗೀರುಗಳು ಬಿದ್ದು ಓಡಾಡಲು ಶುರು ಮಾಡಿದರೆ ಅವೇ ಥ್ರಿಪ್ಸ್. ಎಲೆಯ ಮೇಲೆ ಬೆಳ್ಳಿ ಬಣ್ಣದ ಗೀಚು, ಅದರ ನಡುವೆ ಕಪ್ಪು ಚುಕ್ಕೆ ಇದ್ದರೆ ಅದು ಅವುಗಳ ಹಿಕ್ಕೆ. ಮರಿಗಳು ಸಂದಿಯಲ್ಲಿ ಅಡಗಿರುತ್ತವೆ. ಮೊಟ್ಟೆ ಎಲೆಯ ಒಳಗೇ ಇರುತ್ತದೆ, ಕೋಶದ ಹಂತ ಬಹುತೇಕ ಮಣ್ಣಿನಲ್ಲಿ ಕಳೆಯುತ್ತದೆ. ಅಂದರೆ ಒಂದು ಸಲ ಸಿಂಪಡಿಸಿದರೆ ಎರಡು ಹಂತಗಳು ಪಾರಾಗಿ ಬಿಡುತ್ತವೆ. 5ರಿಂದ 7 ದಿನಕ್ಕೊಮ್ಮೆ, ಕನಿಷ್ಠ ಮೂರು ಸಲ ಮಾಡಲೇಬೇಕು. ಮೊದಲು ಸೋಪು ನೀರು ಅಥವಾ ಬೇವಿನ ಎಣ್ಣೆ. ಅದಕ್ಕೂ ಬಗ್ಗದಿದ್ದರೆ ಸ್ಪೈನೋಸ್ಯಾಡ್. ಮಣ್ಣಿನ ಬ್ಯಾಕ್ಟೀರಿಯಾದಿಂದ ಬರುವ ಮದ್ದು ಇದು, ಥ್ರಿಪ್ಸ್ ಮೇಲೆ ಚೆನ್ನಾಗಿ ಕೆಲಸ ಮಾಡುತ್ತದೆ. ಆದರೆ ಹಸಿ ಇರುವಾಗ ಜೇನುನೊಣಕ್ಕೆ ವಿಷ. ಜೇನು ಗೂಡು ಸೇರಿದ ಮೇಲೆ, ಕತ್ತಲಾಗುವ ಹೊತ್ತಿಗೆ ಹೊಡೆಯಿರಿ. ಲೇಬಲ್ ಮೇಲೆ ಬರೆದಷ್ಟೇ ಪ್ರಮಾಣ, ಕಾಯಿ ಕೊಯ್ಯಲು ಎಷ್ಟು ದಿನ ಬಿಡಬೇಕು ಅಂತ ಇದೆಯೋ ಅಷ್ಟು ದಿನ ಬಿಡಿ. ನೀಲಿ ಅಂಟು ಹಾಳೆ ನೇತು ಹಾಕಿದರೆ ಥ್ರಿಪ್ಸ್ ಬಂದಿರುವುದು ಬೇಗ ಗೊತ್ತಾಗುತ್ತದೆ. ಹಾಳೆಯೊಂದೇ ಕಾಟ ಮುಗಿಸುತ್ತದೆ ಅಂತ ಕಾಯಬೇಡಿ.

ಹೇನು ಮತ್ತು ಬಿಳಿ ನೊಣ

ಹೇನು ಕಣ್ಣಿಗೆ ಕಾಣುತ್ತದೆ, ಹಾಗಾಗಿ ಭಯ ಜಾಸ್ತಿ. ಕೀಟವಾಗಿ ನೋಡಿದರೆ ಇದು ಎಲ್ಲಕ್ಕಿಂತ ಸುಲಭ. ಗಂಡಿನ ನೆರವಿಲ್ಲದೆ ಹೆಣ್ಣು ನೇರವಾಗಿ ಮರಿ ಹಾಕುತ್ತದೆ, ಆ ಮರಿ ಬೆಚ್ಚನೆ ಹವೆಯಲ್ಲಿ ಒಂದು ವಾರದ ಆಸುಪಾಸಿನಲ್ಲಿ ತಾನೂ ಮರಿ ಹಾಕಲು ತಯಾರು. ಅದಕ್ಕೇ ರಾತ್ರೋರಾತ್ರಿ ಬಂದ ಹಾಗೆ ಅನಿಸುತ್ತದೆ. ಎಲೆಯ ಮೇಲೆ ಬಿದ್ದ ಬಿಳಿ ಪೊರೆಗಳನ್ನು ಬಿಳಿ ನೊಣ ಅಂದುಕೊಳ್ಳುವವರಿದ್ದಾರೆ. ಅವು ಹೇನು ಕಳಚಿದ ಚರ್ಮ. ಕುಡಿಯನ್ನು ಒಂದು ಕೈಯಲ್ಲಿ ಹಿಡಿದು ಪೈಪಿನ ನೀರನ್ನು ಜೋರಾಗಿ ಅಡಿಗೆ ಬಿಡಿ. ಉದುರಿದ ಹೇನಿನಲ್ಲಿ ಬಹುಪಾಲು ಗಿಡಕ್ಕೆ ಮರಳಿ ಬರುವುದಿಲ್ಲ. ಎರಡು ದಿನಕ್ಕೊಮ್ಮೆ ಮೂರ್ನಾಲ್ಕು ಸಲ ಹೀಗೆ ಮಾಡಿದರೆ ಮದ್ದೇ ಬೇಕಾಗದೆ ಹೋಗಬಹುದು. ಇರುವೆ ಸಾಲು ಗಿಡ ಹತ್ತುತ್ತಿದ್ದರೆ ಅದನ್ನು ತಡೆಯಿರಿ. ಹೇನಿನ ಸಿಹಿ ಅಂಟಿಗಾಗಿ ಇರುವೆ ಅದನ್ನು ಕಾಯುತ್ತದೆ, ಹೇನು ತಿನ್ನಲು ಬಂದ ಗುಲಗಂಜಿ ಹುಳುವನ್ನು ಓಡಿಸುತ್ತದೆ. ಸಾರಜನಕದ ಗೊಬ್ಬರ ಜಾಸ್ತಿ ಹಾಕಿದ ಮೆತ್ತನೆ ಹಸಿರು ಗಿಡಕ್ಕೆ ಹೇನು ಬೇಗ ಮುತ್ತುತ್ತದೆ. ಗುಲಗಂಜಿ ಹುಳುವಿನ ಮರಿ ಕಪ್ಪಗೆ, ಮುಳ್ಳು ಮುಳ್ಳಾಗಿ, ಕಿತ್ತಳೆ ಚುಕ್ಕೆಯಿಟ್ಟು ಮೊಸಳೆ ಆಕಾರದಲ್ಲಿರುತ್ತದೆ. ಅದನ್ನು ಕಂಡು ಹೆದರಿ ಹೊಸಕಬೇಡಿ, ದಯವಿಟ್ಟು.

ಬಿಳಿ ನೊಣ ಹಾಗಲ್ಲ. ನಾಲ್ಕೈದೇ ಇದ್ದರೂ ನಾನು ಸುಮ್ಮನೆ ಬಿಡುವುದಿಲ್ಲ. ರಸ ಹೀರುವ ನಷ್ಟಕ್ಕಿಂತ ಅದು ಹೊತ್ತು ತರುವ ವೈರಸ್ ದೊಡ್ಡದು. ಗಿಡ ಅಲ್ಲಾಡಿಸಿದರೆ ಹಾರುವವು ಬಲಿತ ನೊಣಗಳು. ಮರಿಗಳು ಎಲೆಯ ಅಡಿಯಲ್ಲಿ ಚಪ್ಪಟೆ ಹೊಪ್ಪಳೆಯಂತೆ ಕಚ್ಚಿಕೊಂಡು ಅಲ್ಲಾಡದೆ ಕೂತಿರುತ್ತವೆ. ಬೆಳಗಿನ ತಂಪಿನಲ್ಲಿ ದೊಡ್ಡವು ಸರಿಯಾಗಿ ಹಾರಲಾರವು. ಸೋಪು ನೀರು ಹೊಡೆಯಲು ಅದೇ ಸಮಯ. ಮರಿ ತುಂಬಿದ ಕೆಳಗಿನ ಹಳೆ ಎಲೆಗಳನ್ನು ಕಿತ್ತು ಚೀಲಕ್ಕೆ ಹಾಕಿ. ಹಳದಿ ಅಂಟು ಹಾಳೆಯನ್ನು ಕುಡಿಯ ಎತ್ತರಕ್ಕೆ ನೇತು ಹಾಕಿ.

ಕಾಯಿಕೊರಕ ಮರಿಹುಳು ಬಂದರೆ ರಾತ್ರಿ ಟಾರ್ಚ್ ಹಿಡಿದು ಕೈಯಿಂದ ಆರಿಸಿ. ಕುಂಡದ ಗಿಡಗಳಿಗೆ ಅಷ್ಟು ಸಾಕು.

ಸೋಪು, ಬೇವಿನ ಎಣ್ಣೆ ಬೆರೆಸುವ ಬಗೆ

ಒಂದು ಲೀಟರ್ ನೀರಿಗೆ 5 ಮಿಲಿ ಬೇವಿನ ಎಣ್ಣೆ, 1ರಿಂದ 2 ಮಿಲಿ ಮೆದುವಾದ ದ್ರವ ಸೋಪು. ಗಿಡಕ್ಕೆಂದೇ ಮಾರುವ ಪೊಟ್ಯಾಶಿಯಂ ಸೋಪು ಇದ್ದರೆ ಅದೇ ಲೇಸು. ಬಟ್ಟೆ ಒಗೆಯುವ ಡಿಟರ್ಜೆಂಟ್ ಬೇಡ. ಎಣ್ಣೆಯನ್ನು ಮೊದಲು ಸೋಪಿನ ಜೊತೆ ಚೆನ್ನಾಗಿ ಕಲಸಿ, ಆಮೇಲೆ ಉಗುರುಬೆಚ್ಚಗಿನ ನೀರನ್ನು ಸ್ವಲ್ಪ ಸ್ವಲ್ಪವಾಗಿ ಹಾಕುತ್ತಾ ಕಲಕಿ. ಹಾಲಿನ ಬಣ್ಣ ಬಂದರೆ ಸರಿಯಾಗಿದೆ. ಮೇಲೆ ಎಣ್ಣೆ ತೇಲಿದರೆ ಆಗಿಲ್ಲ, ಅದನ್ನು ಹೊಡೆದರೆ ಎಲೆ ಸುಡುತ್ತದೆ. ಬೆರೆಸಿದ್ದನ್ನು ಅದೇ ದಿನ ಮುಗಿಸಿ. ಮೊದಲ ಸಲ ಒಂದೇ ಕೊಂಬೆಗೆ ಹೊಡೆದು ಎರಡು ದಿನ ಕಾದು ನೋಡಿ. ಬಾಡಿದ ಗಿಡಕ್ಕೆ, ನೀರು ಕಾಣದ ಗಿಡಕ್ಕೆ ಬೇಡ. ಸಂಜೆ ಹೊತ್ತು ಒಳ್ಳೆಯದು, ಬೇವಿನ ಸತ್ವ ಬಿಸಿಲಿಗೆ ಬೇಗ ಹಾಳಾಗುತ್ತದೆ.

ಸೋಪು ನೀರು ಕೀಟದ ಮೈಗೆ ತಾಗಿದರೆ ಮಾತ್ರ ಕೊಲ್ಲುತ್ತದೆ. ಒಣಗಿದ ಮೇಲೆ ಅದಕ್ಕೆ ಶಕ್ತಿಯಿಲ್ಲ. ಎಲೆಯ ಮೇಲ್ಮೈ ಮಾತ್ರ ಹೊಳೆಯುವಂತೆ ಹೊಡೆದು "ಕೆಲಸ ಮಾಡಲಿಲ್ಲ" ಅಂದರೆ ಹೇಗೆ? ನಾಳವನ್ನು ಕುಂಡದ ಮಟ್ಟಕ್ಕೆ ಇಳಿಸಿ, ಮೂತಿ ಮೇಲಕ್ಕೆ ಮಾಡಿ, ಕೆಳಗಿನಿಂದ ಹೊಡೆಯಿರಿ.

ವೈರಸ್ ಹೇಗೆ ಬರುತ್ತದೆ, ಏನು ಮಾಡಬೇಕು

ಎಲೆಯಲ್ಲಿ ಕಡು ಹಸಿರು, ತಿಳಿ ಹಸಿರು, ಹಳದಿ ತೇಪೆಗಳು ಕಲಸಿದಂತೆ ಕಂಡರೆ ಮೊಸಾಯಿಕ್. ಎಲೆ ದಾರದಂತೆ ಕಿರಿದಾಗುವುದು, ಎಲೆ ಅಥವಾ ಕಾಯಿಯ ಮೇಲೆ ಉಂಗುರ ಉಂಗುರವಾಗಿ ಗುರುತು ಬೀಳುವುದು ಕೂಡ ವೈರಸ್ ಕಡೆಗೇ ಬೆರಳು ಮಾಡುತ್ತದೆ. ಎಲೆ ಮುಟುರು ವೈರಸ್ ಬಂದರೆ ಎಲೆ ಮೇಲಕ್ಕೆ ಮುದುರಿ ಸಣ್ಣದಾಗುತ್ತದೆ, ನರಗಳು ದಪ್ಪವಾಗುತ್ತವೆ, ಗಿಣ್ಣುಗಳ ನಡುವಿನ ಅಂತರ ಕುಗ್ಗಿ ಗಿಡ ಪೊದೆಯಾಗಿ ನಿಲ್ಲುತ್ತದೆ. ಥ್ರಿಪ್ಸ್ ಬಂದಾಗಲೂ ಎಲೆ ಮೇಲಕ್ಕೇ ಮುದುರುತ್ತದಲ್ವಾ? ಬೆಳ್ಳಿ ಗೀಚು, ಕಪ್ಪು ಚುಕ್ಕೆ ಇಲ್ಲದೆ, ದಪ್ಪ ನರ ಮತ್ತು ಕುಗ್ಗಿದ ಗಿಣ್ಣು ಇದ್ದರೆ ವೈರಸ್ ಅನುಮಾನ ಬಲವಾಗುತ್ತದೆ.

ಇದರ ಮುಂದೆ ನನ್ನ ಪದ್ಧತಿ ಹೀಗಿದೆ. ಅನುಮಾನದ ಗಿಡವನ್ನು ಉಳಿದವುಗಳಿಂದ ದೂರ ಇಟ್ಟು, ಒಂದು ಕೊಂಬೆಗೆ ಕೆಂಪು ದಾರ ಕಟ್ಟುತ್ತೇನೆ. ದಾರದ ಕೆಳಗಿರುವುದು ಹಳೆ ಎಲೆ, ಮೇಲೆ ಬರುವುದೆಲ್ಲ ಹೊಸದು. ಮಸೂರದಲ್ಲಿ ಏನು ಕಂಡಿತೋ ಆ ಕೀಟಕ್ಕೆ ಮದ್ದು ಮಾಡುತ್ತೇನೆ. ಎರಡು ಮೂರು ವಾರ ಕಾಯುತ್ತೇನೆ. ಮುದುರಿದ ಹಳೆ ಎಲೆ ಯಾವತ್ತೂ ನೆಟ್ಟಗಾಗುವುದಿಲ್ಲ, ಅದನ್ನು ನೋಡಿ ಬೇಸರ ಮಾಡಿಕೊಳ್ಳಬೇಡಿ. ದಾರದ ಮೇಲಿನ ಚಿಗುರು ಅಗಲವಾಗಿ, ಒಂದೇ ಹಸಿರಾಗಿ ಬಂದರೆ ಕಾಟ ಕೀಟದ್ದು, ಗಿಡ ಗೆದ್ದಿತು. ಕೀಟ ಒಂದೂ ಇಲ್ಲದಿದ್ದರೂ ಹೊಸ ಎಲೆ ತೇಪೆ ತೇಪೆಯಾಗಿ, ಸುಕ್ಕಾಗಿ ಬಂದರೆ ಗಿಡ ಹೊರಗೆ. ಮೊದಲ ದಿನವೇ ಸ್ಪಷ್ಟ ಮೊಸಾಯಿಕ್ ಇದ್ದರೆ ಇಷ್ಟು ದಿನ ಕಾಯುವುದೂ ಇಲ್ಲ.

ಹೂ ತುಂಬಿದ ಗಿಡ ಕೀಳಲು ಯಾರಿಗೂ ಮನಸ್ಸು ಬರುವುದಿಲ್ಲ, ನನಗೂ ಬರುವುದಿಲ್ಲ. ಆದರೆ ಆ ಗಿಡ ಇರುವಷ್ಟು ದಿನ ಉಳಿದವುಗಳಿಗೆ ರೋಗದ ಉಗ್ರಾಣ. ಕೀಳುವ ಕ್ರಮವೂ ಮುಖ್ಯ. ಮೊದಲು ಬೆಳಗಿನ ತಂಪಿನಲ್ಲಿ ಸೋಪು ನೀರು ಹೊಡೆದು ಬಿಳಿ ನೊಣ, ಹೇನುಗಳನ್ನು ಕೊಲ್ಲಿ. ಇಲ್ಲದಿದ್ದರೆ ಗಿಡ ಅಲ್ಲಾಡಿದ ಕೂಡಲೇ ಹಾರಿ ಪಕ್ಕದ ಗಿಡಕ್ಕೆ ಕೂರುತ್ತವೆ. ಆಮೇಲೆ ದೊಡ್ಡ ಚೀಲವನ್ನು ಮೇಲಿನಿಂದ ಹಾಕಿ, ಬುಡದಲ್ಲಿ ಕಟ್ಟಿ, ಬೇರು ಸಮೇತ ಎಳೆಯಿರಿ. ಗೊಬ್ಬರದ ಗುಂಡಿಗೆ ಹಾಕಬೇಡಿ.

ಯಾವ ವೈರಸ್ ಯಾವ ದಾರಿಯಲ್ಲಿ ಬರುತ್ತದೆ ಅಂತ ಗೊತ್ತಿದ್ದರೆ ಏನು ತಡೆಯಬೇಕು ಅಂತ ತಿಳಿಯುತ್ತದೆ. ಎಲೆ ಮುಟುರು ವೈರಸ್ ಬಿಳಿ ನೊಣದ್ದು. ನೊಣ ರೋಗದ ಗಿಡದ ರಸವನ್ನು ಸ್ವಲ್ಪ ಹೊತ್ತು ಕೂತು ಹೀರಬೇಕು, ವೈರಸ್ ಅದರ ಮೈಯೊಳಗೆ ಸುತ್ತಿ ಬರಲು ಕೆಲವು ಗಂಟೆ ಬೇಕು. ಆಮೇಲೆ ಬಹುಪಾಲು ಬದುಕಿರುವಷ್ಟು ಕಾಲ ಹಂಚುತ್ತದೆ. ಹಾಗಾಗಿ ಇಲ್ಲಿ ನೊಣ ಕೊಂದರೆ ಪ್ರಯೋಜನವಿದೆ. ಸೌತೆ ಮೊಸಾಯಿಕ್ ವೈರಸ್ ಹೇನಿನದ್ದು. ಅದರ ಲೆಕ್ಕ ಬೇರೆ. ಹೇನು ಎಲೆಗೆ ಒಂದು ಚುಚ್ಚು ಚುಚ್ಚಿ ರುಚಿ ನೋಡುವ ಕೆಲವೇ ಸೆಕೆಂಡುಗಳಲ್ಲಿ ವೈರಸ್ ಹತ್ತುತ್ತದೆ, ಮುಂದಿನ ಗಿಡದಲ್ಲಿ ಅಷ್ಟೇ ಹೊತ್ತಿನಲ್ಲಿ ದಾಟುತ್ತದೆ. ಕೀಟನಾಶಕ ಹೇನನ್ನು ಕೊಲ್ಲುವಷ್ಟರಲ್ಲಿ ಕೆಲಸ ಮುಗಿದಿರುತ್ತದೆ. ವಿಷಕ್ಕೆ ಕಸಿವಿಸಿಗೊಂಡ ಹೇನು ಹೆಚ್ಚು ಗಿಡ ಸುತ್ತಿ ಇನ್ನೂ ಹರಡುವುದೂ ಇದೆ. ಈ ವೈರಸ್ 1,200ಕ್ಕೂ ಹೆಚ್ಚು ಜಾತಿಯ ಗಿಡಗಳಲ್ಲಿ ಬದುಕುತ್ತದೆ, ಕಳೆಗಳಲ್ಲೂ. ಕುಂಡಗಳ ಸುತ್ತ ಕಳೆ ಕೀಳುವುದು ಸಿಂಪಡಣೆಗಿಂತ ದೊಡ್ಡ ಕೆಲಸ ಅನ್ನುವುದು ಅದಕ್ಕೇ. ಟೊಮೆಟೊ ಚುಕ್ಕೆ ಬಾಡು ವೈರಸ್ ಥ್ರಿಪ್ಸ್‌ನದ್ದು. ಅದನ್ನು ಮರಿಯಾಗಿದ್ದಾಗ ಹೀರಿದ ಥ್ರಿಪ್ಸ್ ಮಾತ್ರ ದೊಡ್ಡದಾದ ಮೇಲೆ ಹರಡಬಲ್ಲದು. ಹಾಗಾಗಿ ರೋಗದ ಗಿಡದ ಮೇಲೆ ಮರಿ ಬೆಳೆಯಲು ಬಿಡಬಾರದು.

ನಾಲ್ಕನೆಯದು ನಮ್ಮ ಕೈ. ತಂಬಾಕು ಮೊಸಾಯಿಕ್ ವೈರಸ್ ಮತ್ತು ಅದರ ಬಳಗಕ್ಕೆ ಕೀಟ ಬೇಕಿಲ್ಲ. ವೈರಸ್ ಅಂದರೇನು ಅಂತ ಲೋಕಕ್ಕೆ ಮೊದಲು ಗೊತ್ತಾದದ್ದೇ ಇದರಿಂದ. 1892ರಲ್ಲಿ ರಷ್ಯಾದ ಇವನೋವ್‌ಸ್ಕಿ, ಬ್ಯಾಕ್ಟೀರಿಯಾ ತಡೆಯುವ ಸೋಸುಕದಲ್ಲಿ ರೋಗದ ಎಲೆಯ ರಸವನ್ನು ಸೋಸಿದರೂ ಅದು ರೋಗ ತರುತ್ತದೆ ಅಂತ ಕಂಡರು. 1898ರಲ್ಲಿ ನೆದರ್ಲೆಂಡ್ಸ್‌ನ ಬೈಯರಿಂಕ್ ಇದು ಬ್ಯಾಕ್ಟೀರಿಯಾ ಅಲ್ಲ, ಬೇರೆಯದೇ ಅಂದರು. 1935ರಲ್ಲಿ ಅಮೆರಿಕದ ಸ್ಟ್ಯಾನ್ಲಿ ಅದನ್ನು ಹರಳಾಗಿಸಿ ತೋರಿಸಿದರು. ಹರಳಾದ ಮೇಲೂ ಗಿಡಕ್ಕೆ ಸೋಂಕು ತರುವಷ್ಟು ಗಟ್ಟಿ ಅದು. ಒಣ ಎಲೆಯಲ್ಲಿ, ಬೇರಿನ ಚೂರಿನಲ್ಲಿ, ಕತ್ತರಿಯ ಬಾಯಲ್ಲಿ ವರ್ಷಗಟ್ಟಲೆ ಉಳಿಯುತ್ತದೆ. ಬೀಡಿ, ಸಿಗರೇಟಿನ ತಂಬಾಕಿನಲ್ಲೂ ಇರಬಹುದು. ಸೇದುವವರು ಕೈ ತೊಳೆಯದೆ ಗಿಡ ಮುಟ್ಟಬಾರದು.

ಸ್ಪಿರಿಟ್ ಒರೆಸಿದರೆ ಇದು ಸರಿಯಾಗಿ ಸಾಯುವುದಿಲ್ಲ. ಕೆನೆ ತೆಗೆದ ಹಾಲಿನ ಪುಡಿಯನ್ನು ಲೀಟರ್ ನೀರಿಗೆ 200 ಗ್ರಾಂ ಕಲಸಿ ಕೈ ಮತ್ತು ಕತ್ತರಿ ಅದ್ದಿಕೊಂಡರೆ ಹಾಲಿನ ಪ್ರೋಟೀನು ವೈರಸ್ ಗಿಡಕ್ಕೆ ಹತ್ತದಂತೆ ತಡೆಯುತ್ತದೆ. ಕುಡಿ ಚಿವುಟುವಾಗ, ಸಸಿ ಕಿತ್ತು ನೆಡುವಾಗ ನಾನು ಒಂದು ಬಟ್ಟಲು ಪಕ್ಕದಲ್ಲೇ ಇಟ್ಟುಕೊಳ್ಳುತ್ತೇನೆ, ಗಿಡದಿಂದ ಗಿಡಕ್ಕೆ ಹೋಗುವಾಗ ಅದ್ದುತ್ತೇನೆ. ಖಾಲಿ ಕುಂಡಕ್ಕಾದರೆ ಒಂದು ಪಾಲು ಬ್ಲೀಚ್, ಒಂಬತ್ತು ಪಾಲು ನೀರು, ಹತ್ತು ನಿಮಿಷ ನೆನೆಸಿ ತೊಳೆಯಿರಿ. ಈ ಬಳಗದ ವೈರಸ್ ಬಂದ ಕುಂಡದ ಮಣ್ಣನ್ನು ಮೆಣಸು, ಟೊಮೆಟೊ, ಬದನೆಗೆ ಮತ್ತೆ ಬಳಸಬೇಡಿ. ಎಲೆ ಮುಟುರು ವೈರಸ್ ಮಣ್ಣಿನಲ್ಲಿ ಉಳಿಯುವುದಿಲ್ಲ, ಆ ಮಣ್ಣು ಎಸೆಯಬೇಕಿಲ್ಲ.

ಸಸಿಯಿಂದಲೇ ಕಾಯುವುದು

ಎಳೆಯದಾಗಿದ್ದಾಗ ವೈರಸ್ ಹೊಕ್ಕ ಗಿಡ ಹೆಚ್ಚುಕಡಿಮೆ ಕಾಯಿ ಬಿಡುವುದೇ ಇಲ್ಲ. ಬಲಿತ ಮೇಲೆ ಹೊಕ್ಕರೆ ಒಂದಷ್ಟು ಕೊಡುತ್ತದೆ. ಹಾಗಾಗಿ ಶ್ರಮವೆಲ್ಲ ಮೊದಲ ವಾರಗಳಿಗೆ ಇರಲಿ. ಬೀಜ ಹಾಕಿದ ದಿನದಿಂದ ಹೂ ಬರುವವರೆಗೆ 40ರಿಂದ 50 ಮೆಶ್ (ಅಂಗುಲಕ್ಕೆ ಅಷ್ಟು ತೂತು ಇರುವ) ಬಲೆಯ ಒಳಗೆ ಬೆಳೆಸಿ. ಅದು ಬಿಳಿ ನೊಣ, ಹೇನು ಎರಡನ್ನೂ ತಡೆಯುತ್ತದೆ. ಥ್ರಿಪ್ಸ್ ಅದಕ್ಕಿಂತ ಸಣ್ಣದು, ನುಸುಳಬಲ್ಲದು. ಕುಂಡದ ಮಣ್ಣಿನ ಮೇಲೆ ಬೆಳ್ಳಿ ಬಣ್ಣದ ಹಾಳೆ ಹೊದಿಸಿದರೆ ಕೆಳಗಿನಿಂದ ಬರುವ ಬೆಳಕು ಹಾರಿ ಬರುವ ಕೀಟಗಳಿಗೆ ದಿಕ್ಕು ತಪ್ಪಿಸುತ್ತದೆ. ಗಿಡ ಬೆಳೆದು ಹಾಳೆ ಮುಚ್ಚಿಹೋದ ಮೇಲೆ ಲಾಭವಿಲ್ಲ. ಹೊಸದಾಗಿ ತಂದ ಗಿಡ ಎಷ್ಟೇ ಚೆನ್ನಾಗಿ ಕಂಡರೂ ಎರಡು ವಾರ ಬೇರೆ ಇಡಿ, ಮಸೂರದಲ್ಲಿ ನೋಡಿ ಆಮೇಲೆ ಸೇರಿಸಿ.

ಬೀಜದ ಪೊಟ್ಟಣದಲ್ಲಿ ಟಿಎಂವಿ (ತಂಬಾಕು ಮೊಸಾಯಿಕ್), ಪಿವಿವೈ (ಆಲೂಗಡ್ಡೆ ವೈ ವೈರಸ್), ಟಿಎಸ್‌ಡಬ್ಲ್ಯುವಿ (ಟೊಮೆಟೊ ಚುಕ್ಕೆ ಬಾಡು) ಅಂತ ಬರೆದಿದ್ದರೆ ಆ ವೈರಸ್‌ಗಳನ್ನು ತಡೆದುಕೊಳ್ಳುವ ತಳಿ ಅಂತ ಅರ್ಥ. ಉಳಿದ ವೈರಸ್‌ಗಳಿಗೆ ಆ ರಕ್ಷಣೆ ಇಲ್ಲ.

ಕೊನೆಗೆ ಎಲ್ಲರೂ ಕೇಳುವ ಎರಡು ವಿಷಯ. ವೈರಸ್ ಬಂದ ಗಿಡದ ಕಾಯಿ ತಿನ್ನಬಹುದಾ? ತಿನ್ನಬಹುದು, ಗಿಡದ ವೈರಸ್ ಮನುಷ್ಯರಿಗೆ ರೋಗ ತರುವುದಿಲ್ಲ. ಬೀಜ ಇಡಬಹುದಾ? ಬೇಡ. ತಂಬಾಕು ಮೊಸಾಯಿಕ್ ಬಳಗದ ವೈರಸ್ ಬೀಜದ ಸಿಪ್ಪೆಯ ಮೇಲೆ ಕೂತು ಮುಂದಿನ ಸಸಿಗೆ ಬರುತ್ತದೆ. ಮತ್ತೆ ಸಿಗದ ತಳಿ, ಬಿಡಲು ಆಗದು ಅನ್ನುವಂತಿದ್ದರೆ, ಕೈಗವಸು ಹಾಕಿಕೊಂಡು ಲೀಟರ್ ನೀರಿಗೆ 100 ಗ್ರಾಂ ಟ್ರೈಸೋಡಿಯಂ ಫಾಸ್ಫೇಟ್ ಕರಗಿಸಿ, ಬೀಜವನ್ನು 15ರಿಂದ 30 ನಿಮಿಷ ಅದರಲ್ಲಿ ನೆನೆಸಿ. ಹರಿಯುವ ನೀರಿನಲ್ಲಿ ಚೆನ್ನಾಗಿ ತೊಳೆದು, ಹೊಸ ಕಾಗದದ ಮೇಲೆ ಒಣಗಿಸಿ. ಹಳೆ ಪೊಟ್ಟಣಕ್ಕೆ ಮತ್ತೆ ಹಾಕಬೇಡಿ. ಆ ಬೀಜದ ಸಸಿಗಳನ್ನು ಉಳಿದವುಗಳಿಂದ ಬೇರೆ ಬೆಳೆಸಿ, ನಾಲ್ಕಾರು ಎಲೆ ಬರುವವರೆಗೂ ಉಳಿದ ಗಿಡಗಳ ಕೆಲಸವೆಲ್ಲ ಮುಗಿದ ಮೇಲೆ ಕೊನೆಯಲ್ಲಿ ಮಾತ್ರ ಇವನ್ನು ಮುಟ್ಟಿ.